ಗಂಡಸರ ಕ್ಲಚ್ಚು

ಅಂಕಲಿಯ ಸಂಗ್ರಾಮನ ಕೆಂಪು ಕಾರಿನ ಕ್ಲಚ್ಚು ಸುಟ್ಟುಹೋಯಿತು. ಸುಟ್ಟವನು ಅವನೇ. ಆದರೆ ಹೆಂಡತಿ ಮಗ್ಗುಲಿಗೆ ನಿಂತಿರುವಾಗ ತಪ್ಪನ್ನು ತನ್ನ ಮೈಮೇಲೆ ಎಳೆದುಕೊಳ್ಳುವಷ್ಟು ದೊಡ್ಡ ಮನಸ್ಸು ಅವನ ಮನೆತನದಲ್ಲೇ ಯಾರಿಗೂ ಇರಲಿಲ್ಲ.

“ಈಕೀನ ಸುಟ್ಟಾಳ ನೋಡು. ಹಗಲೆಲ್ಲಾ ಕ್ಲಚ್ಚಿನ ಮ್ಯಾಲ ಕಾಲಿಟಗೊಂಡ ಗಾಡಿ ಹೊಡಿತಾಳ,” ಎಂದು ಅವನು ನಿಪ್ಪಾಣಿಯ ಗ್ಯಾರೇಜಿನಲ್ಲಿ ಮೇಸ್ತ್ರಿ ಭೂಪಾಲನಿಗೆ ಹೇಳಿದ.

ಭೂಪಾಲ ಬಿಚ್ಚಿದ ಪ್ಲೇಟನ್ನು ಮೂಗಿಗೆ ಹಿಡಿದು ನೋಡಿದ. ನಿಂತ ಗಾಡಿಯನ್ನು ಹೋರಿ ಬೆದರಿಸಿದ ಹಾಗೆ ಒಮ್ಮೆಲೇ ಎಬ್ಬಿಸುವವರ ಕೆಲಸ ಅದು ಎಂದು ಅವನಿಗೆ ತಿಳಿಯಿತು. ಗಿರಾಕಿಯ ಮುಖ ನೋಡಿ, “ಆಗತೈತ್ರಿ, ಆಗತೈತಿ,” ಎಂದಷ್ಟೇ ಅಂದ. ಹೆಂಡತಿ ಸ್ನೇಹಲಳೂ ತಪ್ಪು ತನ್ನದಲ್ಲ ಎನ್ನಲಿಲ್ಲ. ನಾಲ್ಕು ಜನರ ಮುಂದೆ ಗಂಡನಿಗೆ ಎದುರಾಡಿದರೆ ಮನೆಯಲ್ಲಿ ಏನಾಗುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಕಾರು ಹಳೆಯದು, ಇಂಜಿನ್ನು ಮಾತ್ರ ಹಳೆಯದಾಗಿ ಉಳಿದಿರಲಿಲ್ಲ. ಕಬ್ಬು ಚೆನ್ನಾಗಿ ಬಂದ ವರ್ಷ ಸಂಗ್ರಾಮ ಅದನ್ನು ಕೊಲ್ಲಾಪುರಕ್ಕೆ ಒಯ್ದು, ಬಿಚ್ಚಿಸಿ, ಕೊರೆಸಿ, ದಮ್ಮು ಹೆಚ್ಚಿಸಿಕೊಂಡು ಬಂದಿದ್ದ. ಸೈಲೆನ್ಸರ್ ಗುಡುಗಿದರೆ ಓಣಿಯ ಎಮ್ಮೆಗಳು ಹಗ್ಗ ಹರಿಯುತ್ತಿದ್ದವು. ರವಿವಾರ ಬೆಳಿಗ್ಗೆ ಹೆದ್ದಾರಿಯಲ್ಲಿ ಗೆಳೆಯರ ಸಂಗಡ ಗಾಡಿ ಓಡಿಸುವ ಶರ್ಯತ್ತು. ಮದುವೆಯ ಹೊಸದರಲ್ಲಿ ಹೆಂಡತಿಗೂ ಗಾಡಿ ಕಲಿಸಿದ. ಪ್ರೀತಿಗಲ್ಲ, ‘ನಮ್ಮ ಮನೀ ಹೆಂಗಸ್ರೂ ಕಾರ್ ಹೊಡಿತಾರ’ ಎಂದು ಊರ ಮುಂದೆ ಹೇಳಿಕೊಳ್ಳಲು. ಎಡವಟ್ಟಾದದ್ದು ಎಲ್ಲೆಂದರೆ, ಅವಳು ಚೆನ್ನಾಗಿ ಕಲಿತುಬಿಟ್ಟಳು. ಒಂದು ರವಿವಾರ ಗೆಳೆಯ ದಾದಾಸಾಹೇಬ ಚೇಷ್ಟೆಗೆ ಸ್ನೇಹಲಳತ್ತ ಕೈ ಮಾಡಿ “ಇವತ್ತ ವೈನಿ ಹೊಡೀಲಿ” ಅಂದ. ತವಂದಿ ಘಾಟಿನ ಏರಿನಲ್ಲಿ ಸ್ನೇಹಲ ಅವನ ಬಿಳಿ ಕಾರನ್ನು ಹಿಂದೆ ಹಾಕಿದಳು. ಸಂಗ್ರಾಮ ಒಮ್ಮೆಯೂ ಹಿಂದೆ ಹಾಕಲಾಗದ ಕಾರು ಅದು.

“ಸಂಗ್ರಾಮ, ಗಾಡಿ ನಿಂದ ಖರೆ, ಕಾಲ ಮಾತ್ರ ವೈನೀದ ಬೇಕ ನೋಡಪಾ!” ಎಂದು ದಾದಾಸಾಹೇಬ ಚಪ್ಪಾಳೆ ಹೊಡೆದು ನಕ್ಕ.

ಅವತ್ತಿನಿಂದ ಸಂಗ್ರಾಮನ ಹೊಟ್ಟೆಯಲ್ಲಿ ಕಿಚ್ಚು. ಕೀಲಿಕೈ ಕಸಿದುಕೊಳ್ಳೋಣವೆಂದರೆ, ಊರೆಲ್ಲ ಡಂಗುರ ಸಾರಿದವನು ತಾನೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂಥದೊಂದು ಉಪಾಯಕ್ಕೆ ಅವನು ಕಾಯುತ್ತಿದ್ದ.

ಭೂಪಾಲ ಗೋಣಿಚೀಲದ ಮೇಲೆ ಎರಡು ಪ್ಲೇಟು ಇಟ್ಟ. “ಇದು ಕಂಪನೀದರಿ. ಕಾಲಿಗೆ ಮೆತ್ತಗ, ಆದ್ರ ನಿಮ್ಮ ಇಂಜಿನ್ನಿಗೆ ಬಾಳ ದಿನ ತಾಳೂದಿಲ್ಲ. ಇದು ಬಟನ್ ಪ್ಲೇಟ್. ಟ್ರ್ಯಾಕ್ಟರಿನ್ಯಾಗ ಇರ್ತೈತಲ್ರಿ, ಅಂಥಾದು. ಇದರ ಸ್ಪ್ರಿಂಗ್ ಬಾಳ ಬಿರುಸ. ಕಾಲ ಬಿಟ್ಟಕೂಡ್ಲೆ ನಾಯಿ ಕಚ್ಚಿಧಂಗ ಹಿಡಿತೈತಿ, ಗಾಡಿ ಜಿಗಿತೈತಿ. ಇನ್ನೊಂದ ನಮೂನಿ ಐತ್ರಿ, ಕೊಲ್ಲಾಪುರದಿಂದ ತರಸ್ಬೇಕು. ಇಂಜಿನ್ನಿಗೂ ತಾಳತೈತಿ, ಕಾಲಿಗೂ ಹಗುರ. ವೈನಿಯಾರೂ ಹೊಡಿತಾರಲ್ರಿ, ಅದ ಚಲೋ.”

ಆ ಕೊನೆಯ ಮಾತನ್ನು ಅವನು ಆಡಬಾರದಿತ್ತು. ಸಂಗ್ರಾಮನ ಕಣ್ಣು ಹೊಳೆದವು.

“ಬಟನ್ ಹಾಕಿದ್ದ ಗಾಡಿ ಯಾವದರ ಐತೇನು?”

ಮೂಲೆಯಲ್ಲೊಂದು ಜೀಪು ನಿಂತಿತ್ತು. “ಸ್ನೇಹಲ, ಅದರಾಗ ಕುಂದ್ರು. ಒತ್ತಿ ನೋಡು,” ಎಂದ ಸಂಗ್ರಾಮ. ದನಿ ಎಂದಿಗಿಂತ ಮೆತ್ತಗಿತ್ತು. ತನ್ನ ಕಾಲಿಗೆ ಹೊಂದುವುದನ್ನೇ ಹಾಕಿಸುತ್ತಾನೆ ಎಂದು ಸ್ನೇಹಲಳಿಗೆ ಒಂದು ಗಳಿಗೆ ಖುಷಿಯಾಯಿತು. ಬೆಪ್ಪಿ! ಸೀರೆ ಸರಿಪಡಿಸಿಕೊಂಡು ಹತ್ತಿ ಕುಳಿತಳು. ಒತ್ತಿದಳು. ಪೆಡಲು ಅರ್ಧಕ್ಕೆ ನಿಂತಿತು. ಸ್ಟೇರಿಂಗು ಹಿಡಿದು ಸೀಟಿನಿಂದ ಎದ್ದೆದ್ದು ಒತ್ತಿದಳು. ಚಪ್ಪಲಿ ಜಾರಿತು. ಅಲ್ಲಿದ್ದ ಗಂಡಸರು ಕಿಸಕ್ಕೆಂದರು. ಸಂಗ್ರಾಮ ಬಾಗಿಲ ಬಳಿ ಬಗ್ಗಿ ಅವಳ ಪಾದವನ್ನೇ ನೋಡುತ್ತಿದ್ದ.

“ಆಗೂದಿಲ್ಲ?”

“ಇಲ್ರಿ.”

“ಖರೇನ?”

“ಖರೇನರಿ. ಬಾಳ ಬಿರುಸ ಐತಿ.”

ಅವನು ನೆಟ್ಟಗಾದ. “ಭೂಪಾಲ, ಇದನ್ನ ಹಾಕು. ಆ ಹೆಂಗಸರ ಕ್ಲಚ್ಚ ನನಗ ಬ್ಯಾಡ. ಗಂಡಸರದ ಹಾಕು.”

ಸ್ನೇಹಲ ಜೀಪಿನಿಂದ ಇಳಿದು ಜಾರಿದ ಚಪ್ಪಲಿ ಮೆಟ್ಟಿಕೊಂಡಳು. ತನ್ನ ಕಾಲಿನ ಅಳತೆ ತೆಗೆದು ತನಗೇ ಬೇಡಿ ಮಾಡಿಸಿದ್ದು ಅವಳಿಗೆ ಆಗ ಅರ್ಥವಾಯಿತು.

ಕಾರು ಅಂಗಳದಲ್ಲೇ ಇರುತ್ತಿತ್ತು, ಕೀಲಿಕೈ ಮೊಳೆಯ ಮೇಲೆ. “ಒಯ್ಯಿ, ಬ್ಯಾಡ ಅಂದವರ ಯಾರು?” ಎಂದು ಸಂಗ್ರಾಮ ಬಂದವರ ಎದುರಿಗೆಲ್ಲ ಅನ್ನುತ್ತಿದ್ದ. ಅವಳು ಕೀಲಿಕೈಯತ್ತ ನೋಡುವುದನ್ನು ಬಿಟ್ಟಳು.

ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಒಂದು ಬೆಳಿಗ್ಗೆ ಜುಗೂಳದಿಂದ ಅಣ್ಣ ಲಖನನ ಫೋನು ಬಂತು. “ಅವ್ವಗ ದಮ್ಮ ಹತ್ತೇತಿ. ಮಿರಜಕ್ಕ ಒಯ್ಯಬೇಕು. ಊರಾಗಿನ ಜೀಪೆಲ್ಲಾ ಲಗ್ನಕ್ಕ ಹೋಗ್ಯಾವ. ಲಗೂ ಗಾಡಿ ತಗೊಂಡ ಬಾ, ತಂಗಿ.”

ಸಂಗ್ರಾಮ ದ್ರಾಕ್ಷಿ ವ್ಯಾಪಾರಿಯ ಜೊತೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಅವಳು ಹೋಗಿ, ಗಾಡಿ ಹೊಡೆದುಕೊಂಡು ಬರಲು ಬೇಡಿಕೊಂಡಳು, ಕೈಮುಗಿಯುವುದೊಂದು ಬಾಕಿ.

“ಮಾಲ ನೋಡಾಕ ಮಂದಿ ಬಂದಾರ, ಕಾಣವಲ್ದ? ಕೀಲಿ ಅಲ್ಲೇ ಐತಿ. ನೀನ ಒಯ್ಯಿ.”

“ನನ್ನ ಕಾಲಿಗೆ ಬಗ್ಗೂದಿಲ್ರಿ ಅದು, ನಿಮಗ ಗೊತ್ತೈತಿ.”

“ಘಾಟ ಹತ್ತಿಸಿದಾಕಿ ಅಲ್ಲೇನು ನೀ? ಹೋಗು. ಇಲ್ಲಾಂದ್ರ ಬಸ್ಸ ಅದಾವಲ್ಲ.”

ಅವಳು ಹೋಗಿ ಕುಳಿತಳು. ಎರಡೂ ಕಾಲು ಕೂಡಿಸಿ ಒತ್ತಿದಳು. ಕಾರು ಕಪ್ಪೆಯಂತೆ ಜಿಗಿದು ಕೆಟ್ಟು ನಿಂತಿತು. ಮತ್ತೆ ಜಿಗಿಯಿತು, ಮತ್ತೆ ನಿಂತಿತು. ಬುಟ್ಟಿ ಹೊತ್ತ ಹೆಣ್ಣಾಳುಗಳು ಬಾಯಿಗೆ ಸೆರಗು ಹಿಡಿದು ನಕ್ಕರು. ವ್ಯಾಪಾರಿಯೂ ನಕ್ಕ. ಸಂಗ್ರಾಮ ನಗಲಿಲ್ಲ, ಚಹಾ ಹೀರಿದ.

ಅವಳು ಬಸ್ಸು ಹಿಡಿದು, ಕಾಗವಾಡದಲ್ಲಿ ಇಳಿದು, ಜುಗೂಳದ ಬಸ್ಸಿಗೆ ಕಾದು ಮನೆ ಮುಟ್ಟುವಾಗ ಅಂಗಳದಲ್ಲಿ ಮಂದಿ ಕೂಡಿದ್ದರು. ತಾಯಿ ಸುಂದರಾಬಾಯಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. “ಗಾಡಿ ಸಪ್ಪಳ ಆತೇನು, ಗಾಡಿ ಸಪ್ಪಳ ಆತೇನು ಅಂತ ಕೇಳಿಕೋತ ಹ್ವಾದ್ಳವ್ವಾ,” ಎಂದಳು ಪಕ್ಕದ ಮನೆಯ ಸೋನಾಬಾಯಿ. ಲಖನ ತಂಗಿಯ ಮುಖ ನೋಡಲಿಲ್ಲ. ಕಾರು ಇದ್ದವಳು ಬಸ್ಸಿನಲ್ಲಿ ಬಂದದ್ದನ್ನು ಅವನು ತಾನು ಸಾಯುವವರೆಗೂ ಮರೆಯುವವನಲ್ಲ.

ಸ್ನೇಹಲ ಅತ್ತಳು, ಎಲ್ಲರಂತೆಯೇ ಅತ್ತಳು. ಆದರೆ ದಿನ ಕಳೆದು ಗಂಡನ ಮನೆಗೆ ಮರಳಿದಾಗ ಅವಳೊಳಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿ ಉಳಿದಿತ್ತು. ಸಂಗ್ರಾಮ ಮೋಟರ್‌ಸೈಕಲ್ ಹತ್ತಿ ಸೊಸೈಟಿಯ ಕಡೆ ಹೋದ ಮಧ್ಯಾಹ್ನಗಳಲ್ಲಿ ಅವಳು ಕಾರಿನಲ್ಲಿ ಕುಳಿತು ಕ್ಲಚ್ಚು ಒತ್ತತೊಡಗಿದಳು. ಮೊದಮೊದಲು ಇಂಜಿನ್ನು ಶುರು ಮಾಡದೆ, ಬರೇ ಒತ್ತುವುದು, ಬಿಡುವುದು. ರಾತ್ರಿ ತೊಡೆ ಸಿಡಿದರೆ ಹಲ್ಲು ಕಚ್ಚಿ ಮಲಗುವುದು. ಕಾಲು ಗಟ್ಟಿಯಾಯಿತು. ಆಮೇಲೆ ಕಬ್ಬಿನ ನಡುವಿನ ಹೊಲದ ದಾರಿಯಲ್ಲಿ ಗಾಡಿ ಒಯ್ದಳು. ಪಕ್ಕದ ಸೀಟಿನಲ್ಲಿ ಕಂಠಮಟ್ಟ ನೀರು ತುಂಬಿದ ತಂಬಿಗೆ ಇಟ್ಟುಕೊಂಡು, ಅದು ತುಳುಕದ ಹಾಗೆ ಕಾಲು ಬಿಡುವುದನ್ನು ಕಲಿತಳು. ಕೂದಲೆಳೆಯಷ್ಟು ಮೇಲೆತ್ತಿ ತಡೆಯಬೇಕು, ಅದು ಕಚ್ಚುವ ಮೊದಲೇ ಕಾಲಿಗೆ ಗೊತ್ತಾಗಬೇಕು. ತಾಯಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮಿರಜಕ್ಕೆ ಒಯ್ಯುತ್ತಿದ್ದೇನೆ ಎಂದು ಅಂದುಕೊಂಡು ಅವಳು ಗಾಡಿ ಬಿಡುತ್ತಿದ್ದಳು. ಸತ್ತವಳನ್ನು ಎಷ್ಟು ಸಲ ಒಯ್ದರೇನು? ಆದರೂ ಒಯ್ದಳು. ಒಂದು ದಿನ ಮನೆ ಮುಟ್ಟುವವರೆಗೂ ಸೀಟು ಒಣಗಿಯೇ ಇತ್ತು. ಯಾರಿಗೂ ಹೇಳಲಿಲ್ಲ.

ಇತ್ತ ಗಂಡಸರ ಕ್ಲಚ್ಚು ಗಂಡಸನ್ನೇ ತಿನ್ನತೊಡಗಿತ್ತು. ಹುಡುಗನಾಗಿದ್ದಾಗ ತಾಲೀಮಿನಲ್ಲಿ ಕುಸ್ತಿ ಆಡುವಾಗ ಸಂಗ್ರಾಮನ ಎಡಮೊಣಕಾಲು ತಿರುವಿತ್ತು. ಕಬ್ಬಿನ ಸೀಜನ್ನು ಬಂತು. ರಾಯಬಾಗಕ್ಕೆ ಹೋದರೂ ಅಷ್ಟೇ, ಅಥಣಿಗೆ ಹೋದರೂ ಅಷ್ಟೇ, ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳ ಸಾಲು. ಅವುಗಳ ಹಿಂದೆ ಒತ್ತು, ಬಿಡು, ಒತ್ತು, ಬಿಡು. ಮನೆಗೆ ಬಂದರೆ ಮೊಣಕಾಲು ಕುಂಬಳಕಾಯಿಯಷ್ಟಾಗಿರುತ್ತಿತ್ತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ಅವನದು, ಗೆಳೆಯರಿಗೆ ಬಾಯಿ ಬಿಡಲಿಲ್ಲ. ಕಡೆಗೆ ಮಿರಜದ ಡಾಕ್ಟರರು ಕಾಲು ಹಿಡಿದು ನೋಡಿ ಹೇಳಿದರು, “ಒಳಗಿನ ನರ ಎಳೀಮ್ಯಾಲ ನಿಂತೈತಿ. ಇನ್ನೊಮ್ಮೆ ಜೋರ ಬಿತ್ತಂದ್ರ ಹರಿದ ಹೋಗತೈತಿ, ಆಮ್ಯಾಲ ಕುಂಟೂದ. ಮೊದಲ ಆ ಕ್ಲಚ್ಚ ಬದಲಿ ಮಾಡಸ್ರಿ.” ಪಕ್ಕದಲ್ಲಿ ಕುಳಿತಿದ್ದ ಸ್ನೇಹಲ ಪ್ರತಿ ಮಾತನ್ನೂ ಕೇಳಿಸಿಕೊಂಡಳು.

ಮರುವಾರ ಬೆಳಿಗ್ಗೆ ದಾರಿ ಖಾಲಿ ಇರುವಾಗಲೇ ಸಂಗ್ರಾಮ ಹಲ್ಲು ಕಚ್ಚಿ ತಾನೇ ಗಾಡಿ ಹೊಡೆದುಕೊಂಡು ನಿಪ್ಪಾಣಿಗೆ ಬಂದ. ಸ್ನೇಹಲ ಅವನ ಊರುಗೋಲು ಹಿಡಿದು ಹಿಂದೆ ಕುಳಿತಿದ್ದಳು. ಅವನು ಭೂಪಾಲನನ್ನು ಹತ್ತಿರ ಕರೆದು ಪಿಸುಗುಟ್ಟಿದ, “ಆ ಕೊಲ್ಲಾಪುರದ್ದ ಐತಲ್ಲ, ಅದನ್ನ ಹಾಕಿಬಿಡು. ಯಾರಿಗೂ ಹೇಳಬ್ಯಾಡ.”

ಆ ಹೊತ್ತಿಗೇ ದಾದಾಸಾಹೇಬ ತನ್ನ ಬಿಳಿ ಕಾರಿನಿಂದ ಇಳಿದ. ಜೊತೆಗೆ ರವಿವಾರದ ಶರ್ಯತ್ತಿನ ಇನ್ನಿಬ್ಬರು ಗೆಳೆಯರು. “ಏನ್ ನಡಿಸೀರಿ ಗಂಡಾ ಹೆಂಡ್ತಿ ಇಲ್ಲಿ?”

ಸಂಗ್ರಾಮ ಬಾಯಿ ತೆರೆಯುವ ಮೊದಲೇ ಸ್ನೇಹಲ ತಲೆ ತಗ್ಗಿಸಿ, ಬಹಳ ಮರ್ಯಾದೆಯಿಂದ ಹೇಳಿದಳು.

“ಇವರಿಗೆ ಒತ್ತಾಕ ಆಗವಲ್ದ್ರಿ, ದಾದಾ. ಹೆಂಗಸರ ಕ್ಲಚ್ಚ ಹಾಕಸಾಕ ಬಂದೀವಿ.”

ಯಾರೋ ಕಿಸಕ್ಕೆಂದರು. ಅದೇ ಮೂಲೆ, ಅದೇ ನಗೆ.

“ಯಾರಿಗೆ ಆಗೂದಿಲ್ಲ?” ಸಂಗ್ರಾಮನ ಮುಖ ಕೆಂಪಾಯಿತು. “ಯಾವ ಮಗಾ ಅಂದಾಂವ? ಸರೀರಿ ಎಲ್ಲಾರೂ!”

ಅವನು ಕಾರಿನಲ್ಲಿ ಕುಳಿತು ಇಂಜಿನ್ನು ಗುಡುಗಿಸಿದ. ‘ಬ್ಯಾಡ್ರಿ’ ಎನ್ನಲು ಹೆಂಡತಿಗೆ ಬೇಕಾದಷ್ಟು ಸಮಯವಿತ್ತು. ಅವಳು ಅನ್ನಲಿಲ್ಲ. ಊರುಗೋಲು ಹಿಡಿದು ನಿಂತು ಅವನ ಕಾಲನ್ನೇ ನೋಡಿದಳು. ಅವನು ಪೂರ್ತಿ ಒತ್ತಿದ, ಬಿಟ್ಟ, ಕಾರು ಜಿಗಿಯಿತು. ಬ್ರೇಕು ಹಾಕಿ ಮತ್ತೆ ಒತ್ತಿದ. ಕಬ್ಬು ಮುರಿದಂತೆ ಲಟಕ್ಕೆಂದು ಸಪ್ಪಳವಾಯಿತು, ಅದರ ಹಿಂದೆ ಅವನ ಚೀರಾಟ ಕೇಳಿತು.

ಅವನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿದರು. “ಕೊಲ್ಲಾಪುರಕ್ಕ ಒಯ್ಯೂಣು, ಹೆದ್ದಾರಿ ಖಾಲಿ ಐತಿ. ನಾ ಹೊಡಿತೀನಿ,” ಎಂದ ದಾದಾಸಾಹೇಬ.

“ಇವರ ಡಾಕ್ಟರ್ ಮಿರಜದಾಗ ಅದಾರ್ರಿ. ಕಾಗದೆಲ್ಲಾ ಅಲ್ಲೇ ಅದಾವ. ನಾನ ಒಯ್ತೀನಿ,” ಎಂದಳು ಸ್ನೇಹಲ.

ಚಪ್ಪಲಿ ಬಿಟ್ಟು, ಕುಳಿತು, ಎಡಗಾಲಿನಿಂದ ಕ್ಲಚ್ಚನ್ನು ತಳಮಟ್ಟ ಒತ್ತಿದಳು. ಈ ಸಲ ಗ್ಯಾರೇಜಿನಲ್ಲಿ ಯಾರೂ ನಗಲಿಲ್ಲ.

“ನಿನಗ... ಒತ್ತಾಕ ಬರತೈತಿ?” ಹಿಂದಿನಿಂದ ಸಂಗ್ರಾಮನ ದನಿ ಬಂತು.

“ಬಗ್ಗಾಕತ್ತೇತ್ರಿ, ಸ್ವಲ್ಪ ಸ್ವಲ್ಪ.”

ಚಿಕ್ಕೋಡಿ ದಾಟುವಷ್ಟರಲ್ಲಿ ಬಿಸಿಲೇರಿ ಕಬ್ಬಿನ ಟ್ರಾಲಿಗಳು ದಾರಿಗೆ ಇಳಿದಿದ್ದವು. ನಿಲ್ಲುವುದು, ಹೊರಡುವುದು. ಹೊರಟಾಗಲೆಲ್ಲ ಅವಳು ಕಾಲನ್ನು ಒಮ್ಮೆಲೇ ಎತ್ತುತ್ತಿದ್ದಳು. ಕಾರು ಜಿಗಿಯುತ್ತಿತ್ತು, ಹಿಂದೆ ಹರಿದ ಮೊಣಕಾಲು ಅಲುಗುತ್ತಿತ್ತು, ಅವನು ಚೀರುತ್ತಿದ್ದ.

“ಸಾವಕಾಶ ಬಿಡ, ಸ್ನೇಹಲ. ನಿನ್ನ ಕಾಲ ಬೀಳ್ತೀನಿ, ಸಾವಕಾಶ ಬಿಡ.”

“ಇದು ಗಂಡಸರದ ಐತ್ರಿ. ಸಾವಕಾಶ ಬಿಡಾಕ ಬರೂದಿಲ್ಲ.”

ಅಂಕಲಿಯಲ್ಲಿ ಜಿಗಿಯಿತು. ಸೇತುವೆಯ ಮೇಲೆ ಜಿಗಿಯಿತು. ಅವಳಿಗೆ ಮರುಕ ಹುಟ್ಟಲಿಲ್ಲ, ನಾಚಿಕೆಯೂ ಆಗಲಿಲ್ಲ. ತಾಯಿ ಸತ್ತ ದಿನದಿಂದ ಎದೆಯ ಮೇಲೆ ಕುಳಿತಿದ್ದ ಭಾರ ಪ್ರತಿ ಚೀರಾಟಕ್ಕೂ ಒಂದಿಷ್ಟು ಇಳಿದಂತಾಗುತ್ತಿತ್ತು. ಸುಖವಾಗುತ್ತಿತ್ತು.

ಕಾಗವಾಡದ ಬಳಿ ಜುಗೂಳದ ದಾರಿ ಕವಲೊಡೆಯುವಲ್ಲಿ, ಮುಂದೆ ಯಾವ ಟ್ರಾಲಿಯೂ ಇಲ್ಲದಿದ್ದರೂ ಅವಳು ಕಾರು ನಿಲ್ಲಿಸಿದಳು. ಆ ದಾರಿಯನ್ನು ಒಮ್ಮೆ ನೋಡಿದಳು. ಹಿಂದೆ ಸಂಗ್ರಾಮ ಸೀಟಿನ ಅಂಚು ಹಿಡಿದು, ಕಣ್ಣು ಮುಚ್ಚಿ, ಮುಂದಿನ ಏಟಿಗೆ ಹಲ್ಲು ಕಚ್ಚಿಕೊಂಡ.

ಏಟು ಬೀಳಲಿಲ್ಲ. ಅವಳು ಕಾಲನ್ನು ಕೂದಲೆಳೆಯಷ್ಟೆ ಎತ್ತಿ ತಡೆದು, ಮತ್ತೆ ಎತ್ತಿದಳು. ಕಾರು ಹೊರಟದ್ದೇ ಅವನಿಗೆ ತಿಳಿಯಲಿಲ್ಲ. ಕಣ್ಣು ತೆರೆದಾಗ ಹೊರಗೆ ಗಿಡಗಳು ಹಿಂದಕ್ಕೆ ಸರಿಯುತ್ತಿದ್ದವು.

ಆಮೇಲೆ ಅವಳಿಗೆ ಕನ್ನಡಿಯಲ್ಲಿ ಅವನ ಕಣ್ಣು ಕಂಡವು. ಅವನಿಗೆ ಎಲ್ಲವೂ ಅರ್ಥವಾಗಿತ್ತು.

“ನಿನಗ ಸಾವಕಾಶ ಬಿಡಾಕ ಬರತೈತಿ,” ಎಂದ.

“ಬರತೈತ್ರಿ,” ಎಂದಳು ಸ್ನೇಹಲ.

ಮುಂದೆ ಮಿರಜದ ಕಡೆಗೆ ಕಣ್ಣು ಹಾಯುವವರೆಗೂ ಕಬ್ಬಿನ ಟ್ರಾಲಿಗಳು ನಿಂತಿದ್ದವು. ಅವಳು ಬ್ರೇಕು ಹಾಕಿ ಕ್ಲಚ್ಚು ಒತ್ತಿದಳು.