ಇಂಬಳಕ್ಕೆ ಕೊಟ್ಟ ಕಾಲು

ಹೊಂಗಡಹಳ್ಳದ ಕಡೆ ಇಂಬಳ, ಅಂದರೆ ಮಳೆಗಾಲದ ಜಿಗಣೆ, ಕಚ್ಚಿತೆಂದು ಯಾರೂ ಗಾಬರಿಯಾಗುವುದಿಲ್ಲ. ಸುಣ್ಣ ಮುಟ್ಟಿಸಿದರೆ ಉದುರಿಬೀಳುತ್ತದೆ, ಗಾಯ ಒಂದಿಷ್ಟು ಹೊತ್ತು ಸೋರಿ ತಾನೇ ನಿಲ್ಲುತ್ತದೆ. ಆ ಮಳೆಗಾಲ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತಿಮ್ಮಯ್ಯನಿಗೆ ಮಾತ್ರ ನಿಲ್ಲಲಿಲ್ಲ. ಬೆಳಗಾಗೆದ್ದರೆ ಅವನ ಪಂಚೆಯ ಅಂಚು ಇನ್ನೂ ಕೆಂಪಗೆ ಒದ್ದೆಯಾಗಿರುತ್ತಿತ್ತು. ಅದನ್ನು ಒಗೆಯುತ್ತಿದ್ದ ಹೆಂಡತಿ ಗಂಗಾಮಣಿಗೆ, ಅವನ ಕಣ್ಣು ಹಳದಿಯಾಗುವ ಮೊದಲೇ ಏನೋ ಕೆಟ್ಟಿದೆ ಅನ್ನಿಸಿತ್ತು.

ಸಕಲೇಶಪುರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕುಡಿದು ಕುಡಿದು ಲಿವರ್ ಹಾಳಾಗಿದೆ ಎಂದರು. ರಕ್ತದಲ್ಲಿ ಹಳದಿ ಎಷ್ಟು ಸೇರಿದೆ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ, ಇವೆರಡನ್ನು ನೋಡಿದರೆ ಮನುಷ್ಯ ಉಳಿಯುವುದು ಬಿಡುವುದು ಹೆಚ್ಚುಕಡಿಮೆ ತಿಳಿಯುತ್ತದಂತೆ. ವಾರ ಔಷಧಿ ಕೊಟ್ಟು ಮತ್ತೆ ನೋಡೋಣ, ಇಳಿದರೆ ಬದುಕುತ್ತಾರೆ ಎಂದರು. ಇಳಿಯದಿದ್ದರೆ ಈ ಸಲದ ಕಾಫಿ ಹಣ್ಣಾಗುವುದನ್ನು ಕಾಣುವುದು ಕಷ್ಟ ಎಂಬುದನ್ನು ಗಂಗಾಮಣಿಯನ್ನು ಪಕ್ಕಕ್ಕೆ ಕರೆದು ಹೇಳಿದರು.

ಹೆಂಡತಿ ವರ್ಷಗಟ್ಟಲೆ ಕಣ್ಣೀರು ಹಾಕಿದರೂ ಬಾಟಲಿ ಬಿಡದ ಮಹಾರಾಯ ಅವತ್ತೇ ಬಿಟ್ಟ. ಈ ಬುದ್ಧಿ ಮೊದಲೇ ಎಲ್ಲಿಗೆ ಹೋಗಿತ್ತೋ! ಆದರೆ ರಕ್ತ ಕೆಟ್ಟಿದೆ ಎಂಬ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ಇಂಬಳ ಕುಡಿಯುವುದು ಕೆಟ್ಟ ರಕ್ತವನ್ನಷ್ಟೇ ಎಂದು ಕೂಲಿಯವರ ಲೈನಿನ ಮುದುಕಿ ಲಿಂಗಮ್ಮ ಅವನ ಚಿಕ್ಕಂದಿನಿಂದ ಹೇಳುತ್ತಿದ್ದಳು.

ಎರಡನೇ ಪರೀಕ್ಷೆಯ ಹಿಂದಿನ ಮಧ್ಯಾಹ್ನ ಅವನು ಮನೆಯಲ್ಲಿರಲಿಲ್ಲ. ಗಂಗಾಮಣಿ ಹುಡುಕುತ್ತ ತೋಟಕ್ಕಿಳಿದಳು. ಮಂಜು ಕಾಫಿಗಿಡಗಳ ನಡುವೆ ಸೊಂಟದ ಮಟ್ಟಕ್ಕೆ ನಿಂತಿತ್ತು, ಅವಳ ಹೆಜ್ಜೆಯ ಸದ್ದು ಅವಳಿಗೇ ಕೇಳುತ್ತಿರಲಿಲ್ಲ. ಹಳ್ಳದ ದಡದಲ್ಲಿ ತಿಮ್ಮಯ್ಯ ಪಂಚೆ ಮೇಲೆತ್ತಿ, ಹುಲ್ಲಿನಲ್ಲಿ ಕಾಲು ಚಾಚಿ ಕೂತಿದ್ದ. ಎರಡೂ ಕಾಲಿಗೆ ಇಂಬಳಗಳು ಕಾಫಿಹಣ್ಣಿನಂತೆ ಊದಿ ಜೋತಿದ್ದವು. ಅವನ ಮುಖದಲ್ಲಿ ನಗೆ.

"ಕೆಟ್ಟದ್ದೆಲ್ಲ ಕುಡ್ಕಂಡ್ ಹೋಗ್ಲಿ ಬುಡು. ನಾಳೆ ಡಾಕ್ಟ್ರು ಒಳ್ಳೇದ್ನೇ ನೋಡ್ಲಿ."

ಬೈಯಬೇಕೆಂದು ಬಾಯಿ ತೆರೆದವಳಿಗೆ ಅಳು ಬಂತು. ಸೊಂಟದ ಚೀಲದಿಂದ ಸುಣ್ಣ ತೆಗೆದು ಒಂದೊಂದಕ್ಕೂ ಮುಟ್ಟಿಸಿದಳು. ಇಂಬಳ ಉದುರಿದವು, ರಕ್ತ ಹರಿಯತೊಡಗಿತು. ಸೆರಗು ಹರಿದು ಕಾಲಿಗೆಲ್ಲ ಸುತ್ತಿದಳು. ಪಾದದ ಹರಡಿನ ಹತ್ತಿರದ ಒಂದು ಗಾಯ ಮಾತ್ರ ಬಟ್ಟೆಗೆ ಬಗ್ಗಲಿಲ್ಲ. ಅದಕ್ಕೆ ಹೆಬ್ಬೆರಳು ಒತ್ತಿ ಕೂತಳು.

ಅವನು ಅವಳ ಭುಜಕ್ಕೆ ತಲೆಯಾನಿಸಿದ. ತೋಟವೆಲ್ಲ ಹೂವಾಗಿದೆ, ಬೆಳ್ಳಗೆ, ಎಂದು ಮಂಪರಿನಲ್ಲಿ ಹೇಳುತ್ತಿದ್ದ. ಆಷಾಢದಲ್ಲಿ ಎಲ್ಲಿಯ ಕಾಫಿ ಹೂವು? ಆದರೂ ಆ ಬಿಳಿ ಮಂಜಿನಲ್ಲಿ ಅವಳಿಗೂ ಒಂದು ಗಳಿಗೆ ಅದರ ಘಮ ಬಂದಂತಾಯಿತು. ಮದುವೆಯಾಗಿ ಬಂದ ವರ್ಷ ಇದೇ ದಾರಿಯಲ್ಲಿ ಅವನು ಹೂವಿನ ರೆಂಬೆ ಬಗ್ಗಿಸಿ ಅವಳ ಮೂಗಿಗೆ ಹಿಡಿದಿದ್ದ. ಆಗ ಅವನ ಬಾಯಲ್ಲಿ ವಾಸನೆ ಇರಲಿಲ್ಲ.

ಮೆಲ್ಲಗೆ ಬೆರಳೆತ್ತಿ ನೋಡಿದಳು. ರಕ್ತ ನೀರಿನಷ್ಟೇ ತೆಳ್ಳಗೆ, ಬೆಚ್ಚಗೆ ಹರಿಯಿತು. ನಾಳೆ ಡಾಕ್ಟರು ಹೇಳಲಿರುವುದು ಅವಳಿಗೆ ಇವತ್ತೇ ಗೊತ್ತಾಯಿತು. ಮತ್ತೆ ಒತ್ತಿ ಹಿಡಿದಳು.

"ನಿಂತೈತೇನೆ?"

"ನಿಂತೋಯ್ತು ಕಣ್ರೀ."

ಅವನು ಕಣ್ಣು ಮುಚ್ಚಿಕೊಂಡೇ ಅವಳ ಕೈ ತಡವಿದ. "ಅಂಗಾರೆ ಬೆರಳು ತೆಗಿ ಮತ್ತೆ."

ಅವಳು ತೆಗೆಯಲಿಲ್ಲ. ಅವನೂ ಮತ್ತೆ ಕೇಳಲಿಲ್ಲ.