ಕಾಕಾನ ಅರ್ಜಿ

"ಅರ್ಜಿ ನೀನ ಬರೀಬೇಕು, ಅಕ್ಕಾ" ಎಂದ ಚೇತನ್. ಎಂದವನೇ ತಟ್ಟೆಯಲ್ಲಿದ್ದ ಚೂಡಾದೊಳಗಿನ ಶೇಂಗಾ ಆರಿಸತೊಡಗಿದ. ನೀಲಗಂಗಾಳ ಮುಖ ನೋಡಿ ಆಡುವಂಥ ಮಾತಾಗಿರಲಿಲ್ಲ ಅದು.

ಹೇಗೆ ಆಡಿಯಾನು? ಅವನ ಅಪ್ಪ ಗುಂಡಪ್ಪ ಜೈಲು ಸೇರಿದ್ದು ಇವಳ ಅಪ್ಪ ಜಯದೇವನನ್ನು ಕೊಂದದ್ದಕ್ಕೆ. ಬೇರೆ ಯಾರನ್ನೋ ಅಲ್ಲ, ಒಡಹುಟ್ಟಿದ ಅಣ್ಣನನ್ನು. ಗದಗಿನಲ್ಲಿ ಅಣ್ಣತಮ್ಮಂದಿರದು ಒಂದು ಪ್ರಿಂಟಿಂಗ್ ಪ್ರೆಸ್ಸಿತ್ತು. ಊರಿನ ಅರ್ಧಕ್ಕರ್ಧ ಲಗ್ನಪತ್ರಿಕೆಗಳು ಅಲ್ಲೇ ಅಚ್ಚಾಗುತ್ತಿದ್ದವು. ಪಾಲಿನ ಮಾತು ಬಂತು, ಮಾತು ಬೆಳೆಯಿತು, ಒಂದು ಮಧ್ಯಾಹ್ನ ಕಬ್ಬಿಣದ ಸಲಾಕೆಯ ಏಟಿನಲ್ಲಿ ಮುಗಿಯಿತು. ಜೀವಾವಧಿ ಶಿಕ್ಷೆಯಾಗಿ ಹದಿನೈದು ವರ್ಷ. ಈಗ ಸನ್ನಡತೆಯ ಮೇಲೆ ಬಿಡುಗಡೆ ಕೇಳಬಹುದು. ಆದರೆ ಬಿಡುವ ಮುಂಚೆ ಪೊಲೀಸರು ಸತ್ತವನ ಮನೆಗೂ ಬಂದು ವಿಚಾರಿಸುತ್ತಾರೆ, ನಿಮ್ಮದೇನಾದರೂ ತಕರಾರು ಇದೆಯೇ ಎಂದು. ಹುಬ್ಬಳ್ಳಿಯಲ್ಲಿ ತನ್ನ ತಂಗಿಯ ಮನೆಯಲ್ಲಿದ್ದ ನೀಲಗಂಗಾಳ ಅವ್ವ ಕಾಶಮ್ಮ ಒಂದೇ ಮಾತು ಹೇಳಿ ಸುಮ್ಮನಾಗಿದ್ದಳು: ನೀಲಾ ಹೆಂಗಂತಾಳೋ ಹಂಗ.

ಚೇತನ್ ಇರುವುದು ಆಮ್‌ಸ್ಟರ್‌ಡ್ಯಾಮಿನ ಬೈಟನ್‌ವೆಲ್ಡರ್ಟಿನಲ್ಲಿ, ಕೆಲಸ ಪಕ್ಕದ ಬಡಾವಣೆ ಜೈಡಾಸಿನ ಒಂದು ಬ್ಯಾಂಕಿನಲ್ಲಿ. ಅಕ್ಕ ಇರುವ ಲೈಡನ್ನಿಗೆ ಟ್ರೇನು ಹತ್ತಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಂದುಬಿಡಬಹುದು. ಆದರೂ ಈ ದೇಶಕ್ಕೆ ಬಂದಾಗಿನಿಂದ ಅಕ್ಕನ ಕಣ್ಣಿಗೆ ಬೀಳದ ಹಾಗೆ ತಲೆ ತಪ್ಪಿಸಿಕೊಂಡು ತಿರುಗಿದವನು. ಈಗ ಅವನೇ ಬಂದು ಸೋಫಾದ ತುದಿಯಲ್ಲಿ ಕೂತಿದ್ದ.

ಅರ್ಜಿ ಬರೆಯಲು ಇವಳೇ ಬೇಕಾದದ್ದಕ್ಕೆ ಕಾರಣವಿತ್ತು. ಲೈಡನ್ನಿನ ಯೂನಿವರ್ಸಿಟಿಯಲ್ಲಿ ನೀಲಗಂಗಾ ಓದುವುದೇ ಕೈದಿಗಳ ಅರ್ಜಿಗಳನ್ನು. ನಾನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನ ಸೆರೆಮನೆಗಳಿಂದ ಎಡಿನ್‌ಬರೋದ ರಾಜನ ಮಂತ್ರಿಮಂಡಲಿಗೆ ಬರೆದುಕೊಂಡವು. ಒಬ್ಬನಿಗೆ ಥಂಡಿಯಲ್ಲಿ ಕಾಲು ಊದಿದೆ, ಇನ್ನೊಬ್ಬನ ಹೆಂಡತಿ ಮಕ್ಕಳು ಬೀದಿಗೆ ಬಿದ್ದಿದ್ದಾರೆ, ಮತ್ತೊಬ್ಬ ನಿನ್ನೆಯವರೆಗೆ ಬೈದ ರಾಜನ ಪಾದ ಹಿಡಿಯಲು ತಯಾರಾಗಿದ್ದಾನೆ. ಯಾವ ಮಾತಿಗೆ ಆ ದೊರೆಗಳು ಕರಗುತ್ತಿದ್ದರು, ಯಾವುದಕ್ಕೆ ಮುಖ ತಿರುವುತ್ತಿದ್ದರು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಎಲ್ಲ ಬಿಟ್ಟು ಇದನ್ನೇಕೆ ಹಿಡಿದೆ ಎಂದು ಕೇಳಿದವರಿಗೆಲ್ಲ ಅವಳು ನಕ್ಕು ಏನೋ ಒಂದು ಹೇಳುತ್ತಿದ್ದಳು. ಜೈಲಿನೊಳಗೆ ಬಿದ್ದವರು ಗೋಗರೆಯುವುದನ್ನು ಓದಿದರೆ ನನಗೆ ಹೊಟ್ಟೆ ತಣ್ಣಗಾಗುತ್ತದೆ ಎಂದು ಯಾರಿಗೆ ಹೇಳಲಾದೀತು?

ಅಪ್ಪ ಸತ್ತದ್ದು ಒಂದು ಸಂಕಟ. ಆಮೇಲೆ ಕಾಕಾ ಹೇಳಿದ ಸುಳ್ಳು ಅದಕ್ಕಿಂತ ದೊಡ್ಡ ಸಂಕಟ. ಅಣ್ಣನೇ ಮೊದಲು ಸಲಾಕೆ ಎತ್ತಿದ, ನಾನು ಜೀವ ಉಳಿಸಿಕೊಂಡೆ ಅಷ್ಟೇ ಎಂದು ಅವನು ಕೋರ್ಟಿನಲ್ಲಿ ನಿಂತು ಹೇಳಿದ. ಕೋರ್ಟು ನಂಬಲಿಲ್ಲ, ಊರು ನಂಬಿತು. ಜಯದೇವಪ್ಪ ಮೊದಲೇ ಸಿಟ್ಟಿನ ಮನುಷ್ಯ ಬಿಡ್ರಿ ಎಂದು ಗುರುತಿನವರೆಲ್ಲ ಅಂದುಕೊಂಡರು. ಇವಳ ಕಾಲೇಜಿನಲ್ಲಿ ಅಂದುಕೊಂಡರು, ಕಡೆಕಡೆಗೆ ಅವ್ವನ ತಂಗಿಯೂ ಊಟಕ್ಕೆ ಕೂತಾಗ ಅಂದಳು. ಅವ್ವ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅದೇ ನೀಲಗಂಗಾಳನ್ನು ಸುಟ್ಟದ್ದು. ಮಣ್ಣು ಮಾಡುವ ಮುಂಚೆ, ತಮ್ಮ ಮನೆತನದ ಪದ್ಧತಿಯಂತೆ ಅಪ್ಪನ ಹೆಣವನ್ನು ಕೂಡಿಸಿ, ಹಣೆಗೆ ವಿಭೂತಿ ಬಳಿದು, ಮುಂದೆ ಭಜನೆ ಹಾಡುತ್ತಿದ್ದರು. ಬಂದವರೆಲ್ಲ ಮುಂದೆ ನಿಂತು ಮುಖ ನೋಡಿ ಕೈ ಮುಗಿದರು. ವಾಲದಂತೆ ಹಿಡಿದುಕೊಳ್ಳಲು ಹಿಂದೆ ಕೂತವಳು ಇವಳು. ಗಾಯ ಹಿಂದಲೆಯಲ್ಲಿತ್ತು. ಎದುರಾಬದುರು ಹೊಡೆದಾಡಿದವನಿಗೆ ಹಿಂದಲೆಯಲ್ಲಿ ಗಾಯ ಆಗುವುದಿಲ್ಲ ಎಂದು ತಿಳಿಯಲು ಯಾವ ಯೂನಿವರ್ಸಿಟಿಯೂ ಬೇಕಿರಲಿಲ್ಲ.

"ಬರೀತೀನಿ" ಎಂದಳು ನೀಲಗಂಗಾ. ಚೇತನ್ ತಲೆ ಎತ್ತಿದ.

ಆಮೇಲೆ ಅವನಿಗೆ ಅಲ್ಲಿಯ ಒಂದು ಪದ್ಧತಿ ಹೇಳಿದಳು. ಸ್ಕಾಟ್ಲೆಂಡಿನಲ್ಲಿ ಕೊಲೆಗಾರನಿಗೆ ರಾಜನ ಕ್ಷಮೆ ಬೇಕಾದರೆ ಸತ್ತವನ ಬಳಗದವರು, ತಂದೆಯ ಕಡೆಯವರೂ ತಾಯಿಯ ಕಡೆಯವರೂ, ಒಪ್ಪಿ ಸಹಿ ಹಾಕಬೇಕಿತ್ತು. ಕೆಲವು ಸಲ ಕೊಂದವನು ಬರೀ ಅಂಗಿಯಲ್ಲಿ ಬಂದು, ಎಲ್ಲರ ಕಣ್ಣೆದುರು ಮಂಡಿಯೂರಿ, ಬಿಚ್ಚುಗತ್ತಿಯ ಮೊನೆಯನ್ನು ತಾನು ಹಿಡಿದು ಹಿಡಿಕೆಯನ್ನು ಅವರ ಕಡೆ ಚಾಚುತ್ತಿದ್ದ. ಅವರು ಹಿಡಿಕೆ ಹಿಡಿದರೆ ಹಗೆ ಮುಗಿದ ಹಾಗೆ. ಹಿಡಿಯಲೇಬೇಕೆಂದು ಯಾರೂ ಬರೆದಿಟ್ಟಿರಲಿಲ್ಲ. ಆ ಮಾತನ್ನು ಮಾತ್ರ ಅವಳು ಹೇಳಲಿಲ್ಲ.

"ಕಾಕಾನ ಕತ್ತಿ ನನಗ ಬೇಡ. ಹೆಂಗ ಹೊಡದೆ ಅನ್ನೋದಷ್ಟ ಅರ್ಜಿಯೊಳಗ ಅಂವಾ ತಾನ ಬರೀಲಿ. ಬರದದ್ದನ್ನ ತನ್ನ ಬಾಯಿಂದ ಓದಲಿ. ಅವ್ವ ಕೇಳಬೇಕು."

"ಓದಿದ್ರ ಒಪ್ಪತಿಯೇನಕ್ಕಾ?"

"ಒಪ್ಪತೀನಿ."

ಹಸಿ ಸುಳ್ಳು. ಆಡುವಾಗ ನಾಲಿಗೆ ತೊದಲಲಿಲ್ಲ ಎಂಬುದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಚೇತನ್ ಹೋಗುವಾಗ ಬಾಗಿಲಲ್ಲಿ ಬಗ್ಗಿ ಅವಳ ಕಾಲು ಮುಟ್ಟಿದ. ಅವಳು ಹಿಂದೆ ಸರಿಯಲಿಲ್ಲ, ಮುಟ್ಟಿಸಿಕೊಂಡಳು.

ಮುಂದಿನ ತಿಂಗಳು ಗುಂಡಪ್ಪ ಪೆರೋಲಿನ ಮೇಲೆ ಕೆಲವು ದಿನ ಗದಗಿಗೆ ಬಂದ. ಆ ಭಾನುವಾರ ಬೆಳಗ್ಗೆ ನೀಲಗಂಗಾ ಮೊದಲ ಸಲ ಚೇತನನ ಮನೆಯ ಮೆಟ್ಟಿಲು ಹತ್ತಿದಳು. ಅವನ ಹೆಂಡತಿ ಶ್ರಾವ್ಯ ಬೆಂಗಳೂರಿನವಳು, ಗಂಡನ ಮನೆಯ ಈ ಕತೆಯನ್ನು ಮದುವೆಯಾದ ಮೇಲೆ ಕೇಳಿದವಳು. ಪಾಪ, ಬೆಳಗ್ಗೆಯೇ ಎದ್ದು ಉಪ್ಪಿಟ್ಟು, ಶಿರಾ ಎಲ್ಲ ಮಾಡಿಟ್ಟಿದ್ದಳು. ನೀಲಗಂಗಾ ನೀರನ್ನೂ ಮುಟ್ಟಲಿಲ್ಲ.

ಟೇಬಲ್ಲಿನ ಮೇಲೆ ಲ್ಯಾಪ್‌ಟಾಪು ತೆರೆದಿತ್ತು. ಅದರಲ್ಲಿ ಕಾಕಾ ಇರುತ್ತಾನೆ. ಅವ್ವ ಫೋನಿನಲ್ಲಿ. ಅವನ ಮುಖ ನೋಡಲಾರೆ, ದನಿ ಕೇಳಿದರೆ ಸಾಕು ಎಂದಿದ್ದಳು ಅವ್ವ. ಅದಕ್ಕೇ ನೀಲಗಂಗಾ ತನ್ನ ಫೋನನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟಳು.

ಪರದೆಯ ಮೇಲೆ ಬಂದವನು ಮುದುಕ. ಅವಳ ನೆನಪಿನಲ್ಲಿದ್ದವನು ಎದೆಯುಬ್ಬಿಸಿ ಪ್ರೆಸ್ಸಿನ ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕೂತಿರುತ್ತಿದ್ದ ಆಳು. ಇವನ ಕತ್ತು ಅಂಗಿಯ ಕಾಲರಿಗೆ ಸಾಲದಾಗಿತ್ತು. ಛೇ, ಇಷ್ಟು ಸೊರಗಿದವನ ಮೇಲೆ ಸಿಟ್ಟು ಮಾಡುವುದೂ ಕಷ್ಟ ಎಂದು ಒಂದು ಗಳಿಗೆ ಅನಿಸಿತು. ಹಲ್ಲು ಕಚ್ಚಿ ಸಿಟ್ಟನ್ನು ಹಿಡಿದುಕೊಂಡಳು. ಅವನು ನಮಸ್ಕಾರವನ್ನೂ ಮಾಡಲಿಲ್ಲ, ಕನ್ನಡಕ ಹಾಕಿಕೊಂಡು ಕಾಗದ ಎತ್ತಿಕೊಂಡ.

"ಅಣ್ಣ ಮಷಿನ್ಯಾಗ ಬಗ್ಗಿ ನೋಡಾಕತ್ತಿದ್ದ. ಅವನ ಕೈಯಾಗ ಏನೂ ಇರಲಿಲ್ಲ. ನಾನು ಹಿಂದಿನಿಂದ ಹೋಗಿ ಹೊಡದೆ. ಅಂವಾ ತಿರುಗಿ ಸೈತ ನೋಡಲಿಲ್ಲ. ಕೋರ್ಟಿನ್ಯಾಗ ನಾ ಹೇಳಿದ್ದು ಸುಳ್ಳು."

ಶ್ರಾವ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತಲ್ಲೇ ನಿಂತಳು.

"ಇನ್ನೊಮ್ಮೆ ಓದು, ಕಾಕಾ."

ಓದಿದ. ಮತ್ತೊಮ್ಮೆ ಎಂದಳು, ಮತ್ತೂ ಓದಿದ. ನಾಲ್ಕನೆಯ ಸಲಕ್ಕೆ ಚೇತನ್ ಎದ್ದು ನಿಂತು ಸಾಕು ಅಕ್ಕಾ ಎಂದ. ಸಾಕಾಗಿರಲಿಲ್ಲ. ಇಷ್ಟು ವರ್ಷ ಅವಳು ಕಂಡ ಕನಸಿನಲ್ಲಿ ಈ ಹೊತ್ತಿಗೆ ಕಾಕಾ ನೆಲಕ್ಕೆ ಬಿದ್ದು ಹೊರಳಾಡಬೇಕಿತ್ತು. ಇಲ್ಲಿ ನೋಡಿದರೆ ಪಂಚಾಂಗ ಓದುವವನ ಹಾಗೆ ಓದುತ್ತಿದ್ದ. ಕಣ್ಣಲ್ಲಿ ಹನಿ ನೀರಿಲ್ಲ.

"ಕೇಳಿಲ್ಲೆ ಕಾಕಾ" ಎಂದಳು. "ನಂದು ತಕರಾರು ಐತಿ. ನಿನ್ನ ಬಿಡಬಾರದು ಅಂತನ ನಾ ಬರದು ಕೊಡಾಕಿ."

"ಮಾತು ಕೊಟ್ಟಿದ್ದಿ ಅಲ್ಲಕ್ಕಾ" ಎಂದ ಚೇತನ್.

"ಕೊಟ್ಟಿದ್ದೆ."

ಗುಂಡಪ್ಪ ಗೊತ್ತಿದ್ದ ಸುದ್ದಿಯನ್ನೇ ಕೇಳಿದವನಂತೆ ತಲೆಯಾಡಿಸಿ, ಕಾಗದವನ್ನು ನೀಟಾಗಿ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಅಷ್ಟೇ. ಅವಳ ಹೊಟ್ಟೆಯ ಬೆಂಕಿ ಆರಲಿಲ್ಲ, ಇನ್ನಷ್ಟು ಉರಿಯಿತು. ಗೆದ್ದವಳು ತಾನು, ಆದರೂ ಕೈಗೆ ಏನೂ ಬಂದಿರಲಿಲ್ಲ.

ಆಗ ಫೋನಿನಲ್ಲಿ ಅವ್ವನ ದನಿ ಕೇಳಿಸಿತು. ನೀಲಗಂಗಾ ಅದನ್ನು ಕಿವಿಗೆ ಹಿಡಿದಳು.

"ಆತು ಬಿಡವಾ. ನಿನ್ನ ಮಾತ ನನ್ನ ಮಾತು" ಎಂದಳು ಕಾಶಮ್ಮ. ಆಮೇಲೆ, "ಗುಂಡಪ್ಪ ಉಂಡಾನೇನು, ಕೇಳು" ಎಂದಳು.

ಕಾಶಮ್ಮ ಸೊಸೆಯಾಗಿ ಆ ಮನೆಗೆ ಬಂದಾಗ ಗುಂಡಪ್ಪ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ತಾಯಿಯಿಲ್ಲದ ಮೈದುನ. ಅವನು ಬಂದು ಉಣ್ಣುವವರೆಗೆ ಅವಳು ತಾನು ಉಂಡವಳಲ್ಲ, ಗಂಡನಿಗೂ ಬಡಿಸಿದವಳಲ್ಲ. ಆಚೆ ಈಚೆ ಓಣಿಯವರಿಗೆಲ್ಲ ಅದು ಗೊತ್ತಿತ್ತು.

ನೀಲಗಂಗಾ ಆ ಮಾತನ್ನು ತನ್ನಲ್ಲೇ ಇಟ್ಟುಕೊಂಡು ಫೋನು ಇಡಬಹುದಿತ್ತು. ಹಾಗೆ ಮಾಡಹೊರಟವಳು ಪರದೆಯ ಕಡೆ ನೋಡಿದಳು. ಆ ಮಾತು ಅವನನ್ನು ಏನು ಮಾಡಬಲ್ಲದೆಂದು ಅವಳಿಗೆ ಹೊಳೆದುಬಿಟ್ಟಿತು.

"ಕಾಕಾ" ಎಂದಳು, ಒಂದೊಂದೇ ಮಾತು ಬಿಡಿಸಿ. "ಅವ್ವ ಕೇಳಾಕತ್ತಾಳ. ಉಂಡೀಯೇನು ಅಂತ."

ಗುಂಡಪ್ಪ ಕನ್ನಡಕ ತೆಗೆದ. ಮುಖ ಕಿವುಚಿಕೊಂಡಿತು, ಕುರ್ಚಿಯಿಂದ ಜಾರಿ ಮಂಡಿಯ ಮೇಲೆ ಬಿದ್ದ. ಎರಡೂ ಕೈಯಿಂದ ಟೇಬಲ್ಲಿನ ಅಂಚು ಹಿಡಿದುಕೊಂಡು, ಸಣ್ಣ ಹುಡುಗರು ಅಳುವ ಹಾಗೆ ಹೋ ಎಂದು ಅಳತೊಡಗಿದ. ವೈನೀ, ವೈನೀ ಎಂದು ಅತ್ತಿಗೆಯನ್ನು ಕರೆಯುವುದಷ್ಟೇ ತಿಳಿಯುತ್ತಿತ್ತು.

ಚೇತನ್ ಲ್ಯಾಪ್‌ಟಾಪು ಮುಚ್ಚಲು ಕೈ ಚಾಚಿದ. ನೀಲಗಂಗಾ ಅದರ ಮುಚ್ಚಳವನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣು ಮಿಟುಕಿಸದೆ ನೋಡುತ್ತ ಕೂತಳು.

ಇನ್ನೊಂದು ಕೈಯಲ್ಲಿದ್ದ ಫೋನಿನಲ್ಲಿ ಅವ್ವ ಕೇಳುತ್ತಲೇ ಇದ್ದಳು. "ನೀಲಾ, ಏನಂದ ಅಂವಾ? ಉಂಡಾನಂತ?"