ಕೊನೆಯ ಸುತ್ತು

ಎಳೆ ಮೇಲೇಳುತ್ತಿದೆ, ಕೂದಲಿಗಿಂತ ಸಣ್ಣ ಕಪ್ಪು ಎಳೆ, ಸೂಜಿ ರೆಕಾರ್ಡಿನ ತಟ್ಟೆಯನ್ನು ಕೊರೆದಷ್ಟೂ ಬಿಡಿಸಿಕೊಂಡು ಹೀರುವ ಕೊಳವೆಯ ಬಾಯೊಳಗೆ ಸುರ್ರನೆ ಹೋಗುತ್ತಿದೆ, ಹೋಗಲಿ, ಕಣ್ಣು ತೆಗೆಯಬಾರದು, ಒಂದು ಸಲ ಸೂಜಿಗೆ ಸುತ್ತಿಕೊಂಡರೆ ಮುಗಿಯಿತು, ತಟ್ಟೆ ಹಾಳು, ಕೆಲಸ ಕೊಟ್ಟ ಯಜಮಾನರ ಮುಖ ಗಂಟು — ಆದರೂ ಇದು ಬರೀ ಪರೀಕ್ಷೆಯ ತಟ್ಟೆ, ಅಸಲಿ ತಟ್ಟೆ ಇನ್ನೂ ಡಬ್ಬದಲ್ಲಿದೆ, ಮೊದಲು ಇದನ್ನು ಕೊರೆದು, ಕೇಳಿ, ಸರಿಯಿದ್ದರೆ ಅದನ್ನು ಕೊರೆಯುವುದು, ಅದರಿಂದ ಅಚ್ಚು, ಅಚ್ಚಿನಿಂದ ಅಂಗಡಿಗೆ ಹೋಗುವ ಅಷ್ಟೂ ರೆಕಾರ್ಡು, ಆ ಅಷ್ಟೂ ರೆಕಾರ್ಡಿನಲ್ಲಿ ನಾನು ಇವತ್ತು ಇಟ್ಟದ್ದು. ಸ್ಪೀಕರಿನಲ್ಲಿ ಅಣ್ಣನ ಗಿಟಾರು. ನನ್ನ ಒಡಹುಟ್ಟಿದ ಅಣ್ಣ. ತಂತಿ ಮುಟ್ಟುವ ಮುಂಚೆ ಅವನು ಮೂಗಿನಲ್ಲಿ ಒಂದು ಉಸಿರೆಳೆದುಕೊಳ್ಳುತ್ತಾನೆ, ಆ ಉಸಿರನ್ನೂ ಕತ್ತರಿಸಿ ಎಸೆದಿದ್ದಾನೆ, ನಮ್ಮ ರೆಕಾರ್ಡಿನಲ್ಲಿ ಮನುಷ್ಯರ ಸದ್ದು ಇರಬಾರದು ಕಣೇ, ವಾದ್ಯ ಅಷ್ಟೇ, ಕೆಮ್ಮಿಲ್ಲ, ಉಸಿರಿಲ್ಲ, ಮಾತಿಲ್ಲ, ಅನ್ನುತ್ತಿದ್ದ. ಹಾಡುವವರಿಲ್ಲದ ರಾಕ್ ಬ್ಯಾಂಡು. ಹಾಡೋರು ಯಾರಪ್ಪಾ ಅಂತ ಎಲ್ಲ ಕಡೆ ಕೇಳುತ್ತಿದ್ದರು, ಯಾರೂ ಇಲ್ಲ ಅಂದರೆ ಅಯ್ಯೋ ಪಾಪ ಅನ್ನುತ್ತಿದ್ದರು, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂದ ಹಾಗೆ. ಮೂರೇ ಜನ, ಗಿಟಾರಿಗೆ ಅಣ್ಣ, ಡ್ರಮ್ಸಿಗೆ ನಾನು, ಬೇಸ್ ಗಿಟಾರಿಗೆ ಲಂಬು, ಈಗ ನನ್ನ ಗಂಡ, ಆಗ ಬರೀ ಲಂಬು, ಸೂರಿಗೆ ತಲೆ ತಾಗಿಸಿಕೊಂಡು ಮೂಲೆಯಲ್ಲಿ ನಿಲ್ಲುತ್ತಿದ್ದ. ಇವತ್ತು ಅಣ್ಣ ಬರುತ್ತಾನೆ, ನಾಲ್ಕು ಗಂಟೆಗೆ, ತಟ್ಟೆ ಕೇಳಿ ಒಪ್ಪಿಗೆ ಕೊಡುವುದಕ್ಕೆ. ಬಾರಪ್ಪಾ ಬಾ. ನಿನಗಾಗಿಯೇ ಕಾದಿದ್ದೇನೆ.

ಈಗ ಬರುತ್ತದೆ ನೋಡು, ಗಡಿಯಾರನ ಡ್ರಮ್ಸು, ಬಂತು, ಟಕ್ ಟಕ್ ಟಕ್, ನನ್ನ ಜಾಗದಲ್ಲಿ ಕೂತವನಿಗೆ ನಾನು ಇಟ್ಟ ಹೆಸರು ಗಡಿಯಾರ, ಅವನ ಮುಖ ಕೂಡ ನೋಡಿಲ್ಲ, ನೋಡುವುದು ಬೇಡ, ಕೇಳಿದ್ದೇ ಸಾಕು, ಒಂದು ಕೂದಲೆಳೆ ಆಚೀಚೆ ಆಗುವುದಿಲ್ಲ, ಕೈಯಲ್ಲಿ ಕೋಲಿದೆಯೋ ಕೈಯೇ ಕೋಲಾಗಿದೆಯೋ. ನಾನು ನುಡಿಸಿದರೆ ಕೊನೆ ಕೊನೆಗೆ ಓಟ ಹಿಡಿಯುತ್ತಿತ್ತು. ಹೌದು, ಹಿಡಿಯುತ್ತಿತ್ತು, ಹಿಡಿಸುತ್ತಿದ್ದೆ, ಬೇಕೆಂದೇ, ಮೊದಲ ರೆಕಾರ್ಡಿನಲ್ಲಿ ಅದಕ್ಕೇ ಜನ ಎದ್ದು ನಿಂತದ್ದು. ಸೋದರತ್ತೆಯ ಹೊಲಿಗೆ ಅಂಗಡಿಯಲ್ಲಿ ಮಾಡಿದ್ದು ಅದು, ರಜೆಯ ದಿನ, ಮಷೀನುಗಳನ್ನೆಲ್ಲ ಗೋಡೆಗೆ ಸರಿಸಿ, ಗಿರಾಕಿಗಳು ಇನ್ನೂ ಒಯ್ಯದ ಬಟ್ಟೆಗಳನ್ನು ಡ್ರಮ್ಸಿನ ಸುತ್ತ ನೇತುಹಾಕಿ, ಸದ್ದು ಗೋಡೆಗೆ ಬಡಿದು ವಾಪಸು ಬರಬಾರದಲ್ಲ, ಯಾರದೋ ಮದುವೆಯ ಕೋಟು ನನ್ನ ಮೊಣಕೈಗೆ ತಾಗಿ ತಾಗಿ ತೂಗುತ್ತಿತ್ತು, ಬೆವರು ಹತ್ತಿಸಿದ್ರೆ ನಿಮ್ಮಿಬ್ಬರ ಚರ್ಮ ಸುಲಿದು ಅದಕ್ಕೇ ಅಸ್ತರ್ ಕೊಡ್ತೀನಿ ಅಂದಿದ್ದಳು ಅತ್ತೆ. ಅಳತೆ ಬಟ್ಟೆ ಅಂತ ರೆಕಾರ್ಡಿಗೆ ಹೆಸರು. ಒಂದು ಅದ್ಭುತವಾದ ಟೇಕಿನ ಕೊನೆಯಲ್ಲಿ ಅತ್ತೆ ಸೀನಿಬಿಟ್ಟಳು, ಅಣ್ಣ ಅದನ್ನು ಬಿಸಾಕಿದ, ಮನುಷ್ಯರ ಸದ್ದು. ಅತ್ತೆ ಒಂದು ವಾರ ಅವನಿಗೆ ತಿಂಡಿ ಕೊಡಲಿಲ್ಲ. ಎರಡನೆಯದು ಖಾಲಿ ಕಟ್ಟಡದ ಮೆಟ್ಟಿಲುಗಳಲ್ಲಿ, ನಾನು ಕೆಳಗಡೆ, ಅಣ್ಣ ಮೇಲಿನ ಮಹಡಿ, ಲಂಬು ನಡುವೆ, ಒಬ್ಬರಿಗೊಬ್ಬರು ಕಾಣುವುದಿಲ್ಲ, ನನ್ನ ಏಟು ಮೆಟ್ಟಿಲು ಹತ್ತಿ ಅವನ ಹತ್ತಿರ ಹೋಗಿ ಇನ್ನೊಂದು ಸದ್ದಾಗಿ ಇಳಿದು ಬರುತ್ತಿತ್ತು, ಆಗಲೂ ನಾನು ಓಡಿದೆ, ಅವನೂ ನನ್ನ ಹಿಂದೆ ಓಡಿದ, ಮುಗಿದ ಮೇಲೆ ಮೆಟ್ಟಿಲ ಕಂಬಿ ಹಿಡಿದು ಬಗ್ಗಿ ಹಲ್ಲು ಬಿಟ್ಟು ನಕ್ಕ, ನೀನು ನನ್ನ ಕೊಂದು ಹಾಕ್ತೀಯ ಪುಟ್ಟಿ. ಕೊಲ್ಲಬೇಕಿತ್ತು. ಅವತ್ತೇ ಮೆಟ್ಟಿಲಿಂದ ದೂಡಿದ್ದರೆ ಮೂರನೆಯ ರೆಕಾರ್ಡೇ ಇರುತ್ತಿರಲಿಲ್ಲ, ನಾನೂ ಇಲ್ಲಿ ಕೂತು ನನ್ನದೇ ಜಾಗದಲ್ಲಿ ಇನ್ನೊಬ್ಬನ ಸದ್ದನ್ನು ನನ್ನ ಕೈಯಾರೆ ಕೊರೆಯುತ್ತಿರಲಿಲ್ಲ. ಎಳೆ ನೋಡು, ಎಳೆ, ಸರಿಯಾಗಿದೆ, ಹೋಗುತ್ತಿದೆ.

ಮೂರನೆಯದು, ಇದು, ಈಗ ಮತ್ತೆ ಬರುತ್ತಿರುವುದು. ಆಗ ನಮಗೆ ಒಳ್ಳೆ ಕಾಲ, ಗಾಜಿನ ಕಿಟಕಿಯ ಸ್ಟುಡಿಯೋ, ಒಂದೊಂದು ವಾದ್ಯಕ್ಕೆ ಒಂದೊಂದು ಮೈಕು, ಡ್ರಮ್ಸಿಗೆ ಹಿಂಡು ಮೈಕು, ಎರಡು ಮೈಕು ನನ್ನ ತಲೆಯ ಮೇಲೇ ಬಗ್ಗಿ ನಿಂತಿದ್ದವು. ಕೈ ಬೊಬ್ಬೆ ಎದ್ದು ಒಡೆಯುವ ತನಕ ನುಡಿಸಿದೆ. ಎರಡು ತಿಂಗಳಾದ ಮೇಲೆ ರೆಕಾರ್ಡು ಅಂಗಡಿಗೆ ಬಂತು, ನಾನು ದುಡ್ಡು ಕೊಟ್ಟು ತಂದೆ, ಎಂಥ ಪೆದ್ದಿ, ಮನೆಗೆ ತಂದು ಹಾಕಿದೆ, ಮೊದಲ ಏಟಿಗೇ ಗೊತ್ತಾಯಿತು, ತಾಯಿಗೆ ಮಗು ಅದಲುಬದಲಾದದ್ದು ಗೊತ್ತಾಗುವುದಿಲ್ಲವೇ, ಇದು ನನ್ನ ಕೈಯಲ್ಲ. ಹೊದಿಕೆಯನ್ನು ಹಿಂದೆ ತಿರುಗಿಸಿ ನೋಡಿದರೆ ನನ್ನ ಹೆಸರೂ ಇಲ್ಲ. ಓಡಿದೆ ಅಣ್ಣನ ಮನೆಗೆ. ಅವನು ಕಣ್ಣಲ್ಲಿ ನೀರು ತಂದುಕೊಂಡ, ತಂದುಕೊಂಡ ಅಂದರೆ ನಿಜವಾಗಿಯೂ, ನಿನ್ನ ಫೈಲುಗಳೆಲ್ಲ ಹಾಳಾಗಿಹೋದ್ವು ಕಣೇ ಪುಟ್ಟಿ, ಡಿಸ್ಕು ಕೈಕೊಡ್ತು, ಬರೀ ನಿಂದೇ ಹೋಯ್ತು, ಕೊಡೋ ದಿನ ತಲೆ ಮೇಲೆ ಕೂತಿತ್ತು, ನಿನ್ನ ಕೈ ಬೇರೆ ವಾಸಿಯಾಗಿರ್ಲಿಲ್ಲ, ಇನ್ನೊಬ್ಬರನ್ನ ಕರೆಸ್ದೆ, ಹೆಸರು ಅಚ್ಚಿನವರ ತಪ್ಪು, ಮುಂದಿನ ಸಲ ಹಾಕಿಸ್ತೀನಿ. ಬರೀ ನಿಂದೇ ಹೋಯ್ತು. ಅದನ್ನೂ ನುಂಗಿದೆ, ಪೂರ್ತಿ ನಂಬಲಿಲ್ಲ, ಅರ್ಧ ನಂಬಿದೆ, ಅರ್ಧ ನಂಬಿಕೆ ಇಡೀ ಅಪನಂಬಿಕೆಗಿಂತ ಕೆಟ್ಟದ್ದು, ನಿದ್ದೆಯೂ ಬರುವುದಿಲ್ಲ, ಜಗಳಕ್ಕೂ ಧೈರ್ಯ ಬರುವುದಿಲ್ಲ. ಈ ಸಲ ತಾಳ ಬಂಡೆಯ ಹಾಗಿದೆ ಅಂತ ಬರೆದರು ಪತ್ರಿಕೆಯವರು. ಬಂಡೆ! ಕಲ್ಲು ಬೀಳಲಿ ನಿಮ್ಮ ಬಾಯಿಗೆ. ಆವಾಗ ನನ್ನ ಕಡೆ ನಿಂತವನು ಲಂಬು ಒಬ್ಬನೇ. ಬೇಸ್ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತ, ಬಿಟ್ಟು ಬಂದೆ ಅಂದ, ನೀನಿಲ್ಲದ ಕಡೆ ನನಗೇನು ಕೆಲಸ. ನಾನು ಅವನ ಅಂಗಿ ಹಿಡಿದುಕೊಂಡು ಅತ್ತುಬಿಟ್ಟೆ, ಅಷ್ಟು ಎತ್ತರದವನ ಅಂಗಿಯ ಕೆಳಗಿನ ಗುಂಡಿಯೇ ನನಗೆ ಸಿಕ್ಕಿದ್ದು, ಅದು ಕಿತ್ತು ಕೈಗೆ ಬಂತು, ಆಮೇಲೆ ಇಬ್ಬರೂ ನಕ್ಕೆವು, ಆರು ತಿಂಗಳಿಗೆ ಮದುವೆ. ಎಂಟು ವರ್ಷ. ಅಣ್ಣನ ಮಾತು ಬಂದಾಗೆಲ್ಲ ಹೋಗ್ಲಿ ಬಿಡು ಅನ್ನುತ್ತಾನೆ, ಹಳೇದನ್ನ ಕೆದಕ್ಬೇಡ, ಯಾರಿಗೆ ಒಳ್ಳೇದಾಗುತ್ತೆ ಹೇಳು. ಒಳ್ಳೆಯ ಮನುಷ್ಯ. ಇವನೊಬ್ಬ ಇಲ್ಲದಿದ್ದರೆ ನಾನು ಯಾವತ್ತೋ ಹುಚ್ಚಿಯಾಗುತ್ತಿದ್ದೆ. ಇವತ್ತೂ ಕರೆದುಕೊಂಡು ಹೋಗುವುದಕ್ಕೆ ಬರುತ್ತೇನೆ ಅಂದಿದ್ದಾನೆ, ಅಣ್ಣನ ಜೊತೆ ನೆಟ್ಟಗೆ ಎರಡು ಮಾತಾಡು, ಮೂರೂ ಜನ ಒಟ್ಟಿಗೆ ಕೂತು ಎಷ್ಟು ಕಾಲ ಆಯ್ತು ಅಂತ. ಆಡುತ್ತೇನೆ. ಅಣ್ಣನೇ ಆಡುತ್ತಾನೆ, ನಾನು ಸುಮ್ಮನೆ ಕೇಳುತ್ತೇನೆ.

ಯಾಕೆಂದರೆ ಡಿಸ್ಕು ನನ್ನ ಮೇಜಿಗೇ ಬಂತಲ್ಲ, ಸೋಮವಾರ, ಕಾಗದದ ಪೆಟ್ಟಿಗೆಯಲ್ಲಿ. ಆ ಸ್ಟುಡಿಯೋ ಮುಚ್ಚಿದೆಯಂತೆ, ಇದನ್ನು ಮತ್ತೆ ಹೊರತರುತ್ತಿರುವ ರೆಕಾರ್ಡು ಕಂಪನಿಯವರು ಯಾವುದು ಬೇಕು ಯಾವುದು ಬೇಡ ಅಂತ ನೋಡುವ ಕಷ್ಟ ತೆಗೆದುಕೊಳ್ಳದೆ ಎಲ್ಲ ತುಂಬಿ ಕಳಿಸಿದ್ದಾರೆ, ಸೋಮಾರಿಗಳು, ನಿಮ್ಮ ಹೊಟ್ಟೆ ತಣ್ಣಗಿರಲಿ. ಇಲ್ಲಿ ಕೊರೆಯುವವಳು ಗಿಟಾರಿನವನ ತಂಗಿ ಅಂತ ಅವರಿಗೇನು ಗೊತ್ತು. ತೆರೆದೆ. ಎಲ್ಲ ಇದೆ. ಒಂದೊಂದು ಮೈಕಿನದ್ದು ಒಂದೊಂದು ಫೈಲು, ನನ್ನ ಹಿಂಡು ಮೈಕು ಪೂರ್ತಿ, ಒಂದೂ ಹಾಳಾಗಿಲ್ಲ, ಒಂದು ಗೀರಿಲ್ಲ, ನಾನು ನುಡಿಸಿದ್ದು ನುಡಿಸಿದ ಹಾಗೇ ಇದೆ, ಕೊನೆಗೆ ಓಡಿದೆ, ಅಣ್ಣನೂ ನನ್ನ ಹಿಂದೆಯೇ ಓಡಿದ್ದಾನೆ, ಆ ಓಟವನ್ನು ಆಮೇಲೆ ಕಂಪ್ಯೂಟರಿನಲ್ಲಿ ಎಳೆದು ಸಮ ಮಾಡಿಸಿದ್ದಾನೆ, ಎಷ್ಟು ಚೆನ್ನಾಗಿದೆ, ಅಯ್ಯೋ ಎಷ್ಟು ಚೆನ್ನಾಗಿತ್ತು. ಅವನ ಗಿಟಾರಿನ ಮೈಕಿಗೂ ನನ್ನ ಏಟು ಸೋರಿದೆ, ಆಮೇಲೆ ಗಡಿಯಾರ ಎಷ್ಟು ಬಡಿದರೂ ಅಡಿಯಲ್ಲಿ ನಾನಿದ್ದೇನೆ, ಗೋಡೆಗೆ ಬಣ್ಣ ಹೊಡೆದರೂ ಬಿಡದ ತೇವದ ಹಾಗೆ. ಕೊನೆಯ ಟೇಕು ಮುಗಿಯಿತು, ಸಿಂಬಲ್ಲಿನ ಸದ್ದು ಆರಿತು, ನಾನು ಎದ್ದ ಸದ್ದು, ಕೋಲು ಕೆಳಗಿಟ್ಟ ಸದ್ದು, ಬಾಗಿಲು, ಒಡೆದ ಬೊಬ್ಬೆ ತೊಳೆಯಲು ಹೊರಗೆ ಹೋದದ್ದು. ಯಂತ್ರವನ್ನು ಯಾರೂ ನಿಲ್ಲಿಸಿಲ್ಲ. ನನ್ನ ಖಾಲಿ ಸ್ಟೂಲಿನ ಮೇಲೆ ಬಗ್ಗಿದ ಆ ಎರಡು ಮೈಕು ಕೇಳಿಸಿಕೊಳ್ಳುತ್ತಲೇ ಇವೆ. ಅಣ್ಣ ಹೇಳುತ್ತಾನೆ, ಸರಾಗವಾಗಿ, ಅಂಗಡಿಯಲ್ಲಿ ಸಾಮಾನು ಆರಿಸುವವನ ಹಾಗೆ, ಗಿಟಾರ್ ಚೆನ್ನಾಗಿ ಬಂದಿದೆ, ಅದು ಇರ್ಲಿ, ಬೇಸ್ ಇರ್ಲಿ. ಅವಳನ್ನ ತೆಗೆದುಬಿಡೋಣ. ನಾನು ಅಲ್ಲಿಗೇ ನಿಲ್ಲಿಸಿದೆ. ಕಿವಿಯಲ್ಲಿ ರಕ್ತ ನುಗ್ಗಿ ಏನೂ ಕೇಳಿಸಲಿಲ್ಲ. ಮತ್ತೆ ಹಾಕಿದೆ, ಮತ್ತೆ ಅಲ್ಲಿಗೇ ನಿಲ್ಲಿಸಿದೆ, ಅವಳನ್ನ ತೆಗೆದುಬಿಡೋಣ, ಹಲ್ಲಿನ ನಡುವೆ ಕಲ್ಲು ಸಿಕ್ಕ ಹಾಗೆ. ಮನೆಯಲ್ಲಿ ಲಂಬುಗೆ ಹೇಳಲಿಲ್ಲ. ಹೇಳಿದರೆ ಬಿಟ್ಟುಬಿಡು ಅನ್ನುತ್ತಾನೆ, ಅವನ ಒಳ್ಳೆಯತನಕ್ಕೆ ನನ್ನ ಸಿಟ್ಟು ಆರಿಹೋಗುತ್ತದೆ, ಆರುವುದು ನನಗೆ ಬೇಡ.

ಮನುಷ್ಯರ ಸದ್ದು ಬೇಡ ಅಲ್ಲವೇನೋ ಅಣ್ಣಾ. ಇಡುತ್ತೇನೆ. ರೆಕಾರ್ಡಿನ ಒಂದು ಬದಿ ಮುಗಿದ ಮೇಲೆ ಒಂದು ಸುತ್ತು ಇರುತ್ತದೆ, ಒಳಗೂ ಹೋಗದ ಹೊರಗೂ ಬರದ ಸುತ್ತು, ಸೂಜಿ ಅದರಲ್ಲಿ ಬಿದ್ದು ಯಾರಾದರೂ ಎತ್ತುವ ತನಕ ತಿರುಗುತ್ತಲೇ ಇರುತ್ತದೆ, ನಾವು ಅದನ್ನು ಖಾಲಿ ಬಿಡುತ್ತೇವೆ, ಸದ್ದಿಲ್ಲದೆ. ಇವತ್ತು ಬಿಡುವುದಿಲ್ಲ. ಸಂಗೀತವನ್ನು ಅವನಿಗೆ ಬೇಕಾದ ಹಾಗೇ ಕೊರೆದಿದ್ದೇನೆ, ಗಡಿಯಾರನ ಒಂದು ಟಕ್ಕಿಗೂ ಕೈ ಹಚ್ಚಿಲ್ಲ, ಕೊನೆಯ ಸುತ್ತಿಗೆ ಅವನ ಮಾತು. ನಮ್ಮ ಮೂರು ರೆಕಾರ್ಡಿನಲ್ಲೂ ಸೇರಿ ಇರುವ ಒಂದೇ ಮಾತು. ಕೊಂಡವರ ಮನೆಯಲ್ಲೆಲ್ಲ, ಊಟದ ಮೇಜಿನ ಪಕ್ಕ, ಸೋಫಾದ ಮೇಲೆ ತೂಕಡಿಸುವವರ ತಲೆಯ ಹತ್ತಿರ, ಇದ್ಯಾರ ಗಂಟಲು, ಯಾರನ್ನ ತೆಗೆಯೋದು, ಕೇಳಲಿ, ಹುಡುಕಲಿ, ಬರೆಯಲಿ ಪತ್ರಿಕೆಯವರು. ಮಾತು ಚಿಕ್ಕದು, ಸುತ್ತು ಅದಕ್ಕಿಂತ ಚೂರು ದೊಡ್ಡದು, ಮಾತು ಮುಗಿದ ಮೇಲೆ ಒಂದಿಷ್ಟು ಜಾಗ ಮಿಕ್ಕಿತು, ಕತ್ತರಿಸಿ ನಿಶ್ಶಬ್ದ ಹಾಕಬಹುದಿತ್ತು, ಬೇಡ ಅನ್ನಿಸಿತು, ಆ ಕೋಣೆಯ ಸದ್ದು ಹಾಗೇ ಇರಲಿ, ಅವನ ಮಾತು ಯಾವ ಗಾಳಿಯಲ್ಲಿ ಬಿತ್ತೋ ಆ ಗಾಳಿಯೂ ಇರಲಿ ಅಂತ ಕೇಳದೆಯೇ ಬಿಟ್ಟೆ. ಗಿಟಾರು ಆರುತ್ತಿದೆ, ಗಡಿಯಾರನ ಕೊನೆಯ ಏಟು, ಆಯಿತು, ಕೈ ಹಿಡಿಗೆ, ಸೂಜಿ ಒಳಕ್ಕೆ ಜಾರಿತು, ಸುತ್ತಿತು, ಎತ್ತು. ಎತ್ತಿದೆ. ಎಳೆ ಕಡಿಯಿತು. ಗಾಜಿನ ಬಾಗಿಲಾಚೆ ಯಜಮಾನರು, ಏನಮ್ಮ, ಚೆನ್ನಾಗಿ ಬಂತಾ, ಪರವಾಗಿಲ್ಲ ಅನ್ನಿಸಿದ್ರೆ ಅಸಲಿ ಹಾಕಿಬಿಡು, ನಿಮ್ಮಣ್ಣ ಬರೋದ್ರೊಳಗೆ. ಒಂದ್ಸಲ ಕೇಳಿಬಿಡ್ತೀನಿ ಸಾರ್. ಫೋನು ಗುಂಯ್ ಅನ್ನುತ್ತಿದೆ, ಲಂಬು, ಕೆಳಗಡೆ ಗೇಟಿನ ಹತ್ರ ಇದ್ದೀನಿ, ನಿಧಾನವಾಗಿ ಬಾ, ಅವಸರ ಇಲ್ಲ. ಪಾಪ, ಬಿಸಿಲಲ್ಲಿ ನಿಂತಿದ್ದಾನೆ.

ಕೇಳುವ ಮುಳ್ಳನ್ನು ಕೊನೆಗೇ ಇಟ್ಟೆ, ಸಂಗೀತ ಯಾರಿಗೆ ಬೇಕು. ಚರಚರ, ಒಳಕ್ಕೆ ಜಾರಿತು, ಸಿಕ್ಕಿಕೊಂಡಿತು, ಅವಳನ್ನ ತೆಗೆದುಬಿಡೋಣ. ಆಹಾ, ಎಷ್ಟು ಸ್ಪಷ್ಟ. ಅವಳನ್ನ ತೆಗೆದುಬಿಡೋಣ. ಹೇಳು ಅಣ್ಣಾ, ಇನ್ನೊಂದು ಸಲ, ಬಾಯಿ ನೋಯುವ ತನಕ ಹೇಳು, ಅವಳನ್ನ ತೆಗೆದುಬಿಡೋಣ, ನಿನ್ನ ಮೊಮ್ಮಕ್ಕಳಿಗೂ ಕೇಳಿಸಲಿ, ಮಾತಿನ ಬಾಲಕ್ಕೆ ಏನೋ ಅಂಟಿಕೊಂಡಿದೆ, ಕುರ್ಚಿ ಎಳೆದದ್ದೋ, ಆಂಪ್ಲಿಫೈಯರಿನ ಗುಂಯ್ ಸದ್ದೋ, ಅವಳನ್ನ ತೆಗೆದುಬಿಡೋಣ, ದೂರದ್ದು, ಮೂಲೆಯ ಕಡೆಯಿಂದ, ಕುರ್ಚಿಯಲ್ಲ, ಸ್ವಲ್ಪ ಜೋರು ಮಾಡು, ಗುಂಯ್ ಸದ್ದೂ ಅಲ್ಲ, ಗಂಟಲು, ಯಾರದೋ ಗಂಟಲು. ಸ್ಟುಡಿಯೋದವನಿರಬೇಕು. ಅವನು ಗಾಜಿನ ಆಚೆ ಇದ್ದನಲ್ಲ. ಕೋಣೆಯಲ್ಲಿ ನಾನು ಹೋದ ಮೇಲೆ ಇದ್ದವರು ಇಬ್ಬರೇ, ಅವಳನ್ನ ತೆಗೆದುಬಿಡೋಣ, ಬಾಯಿ ಮುಚ್ಚಿಕೊಂಡೇ ಅಂದದ್ದು, ಒಂದೇ ಅಕ್ಷರ, ಹೂಂ. ಇನ್ನೊಂದು ಸಲ. ಹೂಂ. ಯೋಚನೆ ಮಾಡಿ ಅಂದದ್ದೂ ಅಲ್ಲ, ನೊಂದು ಅಂದದ್ದೂ ಅಲ್ಲ, ಬರುವಾಗ ಹಾಲು ತಗೊಂಡು ಬಾ ಅಂದರೆ ಅನ್ನುವ ಹಾಗೆ, ಹೂಂ. ಎಂಟು ವರ್ಷ ಪಕ್ಕದ ದಿಂಬಿನ ಮೇಲೆ ಕೇಳಿದ್ದೇನೆ, ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು. ಹಾಗಾದರೆ ಬಾಗಿಲಲ್ಲಿ ನಿಂತದ್ದು, ಅಂಗಿ, ನೀನಿಲ್ಲದ ಕಡೆ ನನಗೇನು ಕೆಲಸ, ಅಯ್ಯೋ ಅನ್ನಿಸಿ ಬಂದವನಾ, ತಪ್ಪು ತೀರಿಸಲು ಕಟ್ಟಿಕೊಂಡವನಾ, ಹೋಗ್ಲಿ ಬಿಡು ಹಳೇದನ್ನ ಕೆದಕ್ಬೇಡ — ಏನಮ್ಮ, ಇದೇ ಸರೀನಾ, ಅಸಲಿ ಹಾಕ್ಲಾ, ಯಜಮಾನರು ಬಾಗಿಲು ತಳ್ಳಿ ಕೇಳುತ್ತಿದ್ದಾರೆ, ಎತ್ತಬೇಕು, ಮುಳ್ಳು ಎತ್ತಬೇಕು, ಕೈ ಮೇಲೆ ಬರುತ್ತಿಲ್ಲ, ತಟ್ಟೆ ತಿರುಗುತ್ತಿದೆ, ಮುಳ್ಳು ಒಳಗೂ ಹೋಗುವುದಿಲ್ಲ ಹೊರಗೂ ಬರುವುದಿಲ್ಲ, ಅಣ್ಣ ಹೇಳುತ್ತಾನೆ, ನನ್ನ ಗಂಡ ಹೂಂ ಅನ್ನುತ್ತಾನೆ, ಅಣ್ಣ ಹೇಳುತ್ತಾನೆ, ನನ್ನ ಗಂಡ ಹೂಂ ಅನ್ನುತ್ತಾನೆ, ಅಣ್ಣ ಹೇಳುತ್ತಾನೆ, ನನ್ನ ಗಂಡ ಹೂಂ